ಶಿವ ಗಣಪನ ತಲೆ ಯಾಕೆ ಕಡಿದ? ಮಗಳ ಪ್ರಶ್ನೆಗೆ ಉತ್ತರ ಬೇಕು

ಮಲ್ಲಿಗೆಹಂಬು

ಚೌತಿಗೆ ಇನ್ನೂ ಎರಡು ವಾರ ಇದೆ, ನಮ್ಮ ಮನೆಯಲ್ಲಿ ಈಗಲೇ ವಿಘ್ನ ಶುರುವಾಗಿದೆ. ಮಗಳಿಗೆ ಎಂಟು ವರ್ಷ. ಮೊನ್ನೆ ರಾತ್ರಿ ಮಲಗಿಸುವಾಗ ಗಣಪ ಹುಟ್ಟಿದ ಕತೆ ಹೇಳುತ್ತಿದ್ದೆ. ಪಾರ್ವತಿ ಮೈಮಣ್ಣಿನಿಂದ ಗೊಂಬೆ ಮಾಡಿದ್ದು, ಜೀವ ಕೊಟ್ಟಿದ್ದು, ಬಾಗಿಲಿಗೆ ನಿಲ್ಲಿಸಿ ಸ್ನಾನಕ್ಕೆ ಹೋಗಿದ್ದು, ಎಲ್ಲ ಸರಿಯಾಗಿಯೇ ಸಾಗಿತ್ತು. ಶಿವ ತಲೆ ಕಡಿದ ಅಂದ ಕೂಡಲೇ ಹೊದಿಕೆ ಸರಿಸಿ ಎದ್ದು ಕೂತಳು. "ಅಮ್ಮ ಹೇಳಿದ ಮಾತು ಕೇಳಿದ್ದಕ್ಕೆ ತಲೆ ಕಡಿಯೋದಾ? ಅಪ್ಪಂದೇ ತಪ್ಪು ಅಲ್ವಾ?" ಅದಾದ ಮೇಲೆ ಇನ್ನೊಂದು: "ಆ ಆನೆ ಏನು ಮಾಡಿತ್ತು ಪಾಪ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಅದೆಲ್ಲ ಸಾಂಕೇತಿಕ ಕಣೇ" ಅಂದೆ. "ಸಾಂಕೇತಿಕ ಅಂದ್ರೆ?" ಅಂದಳು. ಲೈಟ್ ಆರಿಸಿದೆ.

ನಿಮಗೆ ಗೊತ್ತಿರುವ ಅರ್ಥ ಹೇಳಿ. ದೊಡ್ಡ ಕಿವಿ ಅಂದರೆ ಜಾಸ್ತಿ ಕೇಳಬೇಕು, ಸಣ್ಣ ಬಾಯಿ ಅಂದರೆ ಕಡಿಮೆ ಮಾತಾಡಬೇಕು ಅನ್ನುವ ವಾಟ್ಸಾಪ್ ಫಾರ್ವರ್ಡ್ ಮಾತ್ರ ಬೇಡ. ಅದು ಈಗಾಗಲೇ ನಾಲ್ಕು ಗುಂಪಿನಲ್ಲಿ ಬಂದಿದೆ.

ತುಂಗಾತಟ

ಇದರ ಅರ್ಥ ಸರಳ ಇದೆ. ಮೈಮಣ್ಣು ಅಂದರೆ ದೇಹಾಭಿಮಾನ, ನಾನು ನನ್ನದು ಅನ್ನುವುದು. ಅದರಿಂದ ಹುಟ್ಟಿದ ಹುಡುಗನಿಗೆ ಶಿವ ಯಾರು ಅಂತಲೇ ಗೊತ್ತಾಗಲಿಲ್ಲ. ಜೀವ ಪರಮಾತ್ಮನನ್ನೇ ಬಾಗಿಲಲ್ಲಿ ತಡೆಯಿತು. ಕಡಿದದ್ದು ತಲೆಯಲ್ಲ, ಅಹಂಕಾರ. ಆಮೇಲೆ ಬಂದ ಆನೆ ತಲೆ ದೊಡ್ಡ ಬುದ್ಧಿ, ವಿವೇಕ. ನಮ್ಮ ಊರಿನಲ್ಲಿ ಪ್ರವಚನಕ್ಕೆ ಬರುವವರು ಪ್ರತಿ ವರ್ಷ ಇದನ್ನೇ ಹೇಳುತ್ತಾರೆ. ಮಗುವಿಗೆ ಇಷ್ಟು ಸಾಕು.

ಕೆಂಪುಗುಲಗಂಜಿ

ತುಂಗಾತಟ ಅವರೇ, ಬೇಜಾರು ಮಾಡ್ಕೋಬೇಡಿ, ಈ ಅರ್ಥ ನನಗೆ ಯಾವತ್ತೂ ಗಂಟಲಲ್ಲಿ ಇಳಿದಿಲ್ಲ. ಹುಟ್ಟಿ ಅರ್ಧ ದಿನ ಆಗಿಲ್ಲ, ಅಪ್ಪನ ಮುಖ ನೋಡಿಲ್ಲ, ಆ ಹುಡುಗನಿಗೆ ಎಂಥ ಅಹಂಕಾರ? ಯಾರನ್ನೂ ಬಿಡಬೇಡ ಅಂತ ಅಮ್ಮ ಹೇಳಿದಳು, ಬಿಡಲಿಲ್ಲ. ನನ್ನನ್ನೇ ತಡೆಯುತ್ತೀಯಾ ಅಂದವನು ಶಿವ. ಅಹಂಕಾರ ಯಾರದು ಅಂತ ಎಂಟು ವರ್ಷದ ಮಗುವಿಗೆ ಗೊತ್ತಾಗಿದೆ, ನಮಗೆ ಗೊತ್ತಾಗುತ್ತಿಲ್ಲ.

ಮೊದಲೇ ಒಂದು ವೇದಾಂತ ಇಟ್ಟುಕೊಂಡು ಕತೆಯ ಕೈಕಾಲು ಕತ್ತರಿಸಿ ಅದರೊಳಗೆ ತುರುಕುವುದಕ್ಕೆ ಅರ್ಥ ಹೇಳುವುದು ಅನ್ನಬಾರದು.

ತುಂಗಾತಟ

ಸರಿ, ನೀವು ಹೇಳಿ ಹಾಗಾದರೆ. ತಪ್ಪು ಹುಡುಕುವುದು ಸುಲಭ. ಪ್ರಶ್ನೆ ಕೇಳಿದವರಿಗೆ ಮಗಳಿಗೆ ಹೇಳಲು ಏನಾದರೂ ಬೇಕಲ್ಲ.

ತಾಳೆಗರಿ

ಇಬ್ಬರೂ ಜಗಳಕ್ಕೆ ಮೊದಲು ಶಿವಪುರಾಣದಲ್ಲಿ ಏನಿದೆ ನೋಡೋಣ. ರುದ್ರಸಂಹಿತೆಯ ಕುಮಾರಖಂಡದಲ್ಲಿ ಈ ಕತೆ ಬರುತ್ತದೆ. ನಾವು ಮಕ್ಕಳಿಗೆ ಹೇಳುವಾಗ ಮೊದಲಿನ ಒಂದು ಭಾಗವನ್ನೇ ಬಿಟ್ಟುಬಿಡುತ್ತೇವೆ.

ಪಾರ್ವತಿಯ ಗೆಳತಿಯರು ಜಯಾ, ವಿಜಯಾ. ಅವರು ಒಮ್ಮೆ ಅವಳಿಗೆ ಹೇಳುತ್ತಾರೆ: ಇಲ್ಲಿ ಇರುವ ಗಣಗಳೆಲ್ಲ ಶಿವನವರು, ನಂದಿ ಭೃಂಗಿ ಎಲ್ಲರೂ, ನಮ್ಮವರು ಅಂತ ಒಬ್ಬರೂ ಇಲ್ಲ, ನಮಗೆ ಅಂತ ಒಬ್ಬನನ್ನು ಮಾಡು. ಪಾರ್ವತಿ ಆಗ ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳುವುದಿಲ್ಲ. ಆಮೇಲೆ ಒಂದು ದಿನ ಅವಳು ಸ್ನಾನ ಮಾಡುವಾಗ ಶಿವ ಬರುತ್ತಾನೆ. ಬಾಗಿಲಲ್ಲಿ ನಂದಿ. ಅವನನ್ನು ಗದರಿಸಿ ಶಿವ ಒಳಗೆ ನುಗ್ಗುತ್ತಾನೆ. ಪಾರ್ವತಿ ನಾಚಿಕೆಯಿಂದ ಎದ್ದು ನಿಲ್ಲುತ್ತಾಳೆ. ಗೆಳತಿಯರು ಹೇಳಿದ್ದು ಸರಿ ಅಂತ ಅವಳಿಗೆ ಅನ್ನಿಸುವುದು ಆವತ್ತು. ಅಂದರೆ ಗಣಪ ಸುಮ್ನೆ ಹೊತ್ತು ಹೋಗಲಿ ಅಂತ ಮಾಡಿದ ಗೊಂಬೆ ಅಲ್ಲ. ಅದಕ್ಕೆ ಮೊದಲೇ ಒಂದು ಸಲ ಬಾಗಿಲು ಮುರಿದಿದೆ.

ಮುಂದಿನದೂ ಹಾಗೆಯೇ. ಅವನ ಕೈಯಲ್ಲಿ ಇದ್ದದ್ದು ಅಮ್ಮ ಕೊಟ್ಟ ಒಂದು ಕೋಲು. ಗಣಗಳು ಬಂದು ಸೋತರು, ದೇವತೆಗಳು ಬಂದು ಸೋತರು. ಕೊನೆಗೆ ವಿಷ್ಣು ಎದುರು ನಿಂತು ಹುಡುಗನ ಗಮನ ತನ್ನ ಕಡೆ ಎಳೆದ, ಆ ಹೊತ್ತಿನಲ್ಲಿ ಶಿವ ತ್ರಿಶೂಲ ಎಸೆದ. ಪಾರ್ವತಿ ಅಳುತ್ತಾ ಕೂರಲಿಲ್ಲ. ಶಕ್ತಿಗಳನ್ನು ಹುಟ್ಟಿಸಿ ಲೋಕ ನುಂಗಿಸಲು ಹೊರಟಳು. ದೇವತೆಗಳು ಕಾಲಿಗೆ ಬಿದ್ದಾಗ ಅವಳು ಹಾಕಿದ ಷರತ್ತು ಎರಡು: ಮಗ ಎದ್ದು ಬರಬೇಕು, ನಿಮ್ಮ ನಡುವೆ ಅವನಿಗೆ ಪೂಜೆ ಸಲ್ಲಬೇಕು.

ನಾವು ಯಾವ ಕೆಲಸಕ್ಕೂ ಮೊದಲು ಗಣಪತಿ ಪೂಜೆ ಮಾಡುತ್ತೇವಲ್ಲ, ಈ ಕತೆಯ ಪ್ರಕಾರ ಅದು ಅಮ್ಮ ಹಠ ಹಿಡಿದು ವಸೂಲಿ ಮಾಡಿದ್ದು.

ಕೆಂಪುಗುಲಗಂಜಿ

ಅಯ್ಯೋ, ನಂದಿ ವಿಷಯ ನನಗೆ ಗೊತ್ತೇ ಇರಲಿಲ್ಲ! ಇಷ್ಟು ದಿನ ಈ ಭಾಗ ಎಲ್ಲಿ ಹೋಗಿತ್ತು?

ಅಜ್ಜಿಮನೆ

ನಾನು ಇಲ್ಲಿ ಬರೆಯುವುದು ಕಡಿಮೆ, ಓದುವುದು ಜಾಸ್ತಿ. ಇವತ್ತು ಬರೆಯಲೇಬೇಕು ಅನ್ನಿಸಿತು.

ನಾನು ಬೆಳೆದದ್ದು ಹಾಸನದ ಕಡೆ, ಇಪ್ಪತ್ತು ಜನರ ಮನೆ. ಬಚ್ಚಲು ಹಿತ್ತಲಿನಲ್ಲಿ. ಅದಕ್ಕೆ ಬಾಗಿಲು ಇರಲಿಲ್ಲ, ಗೋಣಿತಾಟಿನ ಪರದೆ. ದೊಡ್ಡ ತಾಮ್ರದ ಹಂಡೆ, ಅದರಲ್ಲಿ ಎಲ್ಲರಿಗೂ ಸೇರಿ ನೀರು ಕಾಯುತ್ತಿತ್ತು. ನಮ್ಮ ಚಿಕ್ಕಮ್ಮ ಹೊಸದಾಗಿ ಮದುವೆಯಾಗಿ ಬಂದವರು. ಅವರು ಸ್ನಾನಕ್ಕೆ ಹೋಗುವಾಗ ನನ್ನನ್ನು ಕರೆದು ಹೊರಗೆ ನಿಲ್ಲಿಸುತ್ತಿದ್ದರು. ಕೈಗೆ ಒಂದು ತುಂಡು ಬೆಲ್ಲ. ನನಗೆ ಆರೋ ಏಳೋ ವರ್ಷ. ಒಂದು ದಿನ ಮನೆಯ ಗಂಡಸರೊಬ್ಬರು ಮುಖ ತೊಳೆಯಲು ಬಿಸಿನೀರು ಬೇಕು ಅಂತ ಚೊಂಬು ಹಿಡಿದು ಬಂದರು. ಬಿಡಲ್ಲ ಅಂದೆ. ಸರಿ ಆ ಕಡೆ ಅಂದರು. ಪರದೆ ಹಿಡಿದುಕೊಂಡು ನಿಂತೆ. ಕೆನ್ನೆಗೆ ಬಿತ್ತು. ದೊಡ್ಡವರಿಗೆ ಎದುರು ಮಾತಾಡುತ್ತಾಳೆ ಅಂತ ಆವತ್ತು ಮನೆಯಲ್ಲಿ ಬೈಸಿಕೊಂಡವಳು ನಾನು. ಚಿಕ್ಕಮ್ಮ ಒದ್ದೆ ತಲೆಯಲ್ಲೇ ಬಂದು ನನ್ನನ್ನು ಎತ್ತಿಕೊಂಡರು, ಒಂದು ಮಾತೂ ಆಡಲಿಲ್ಲ.

ಈ ಕತೆಗೆ ಅಹಂಕಾರ, ಪರಮಾತ್ಮ ಅಂತ ಯಾರಾದರೂ ಹೇಳಿದರೆ ನನಗೆ ಆ ಗೋಣಿತಾಟು ನೆನಪಾಗುತ್ತದೆ.

ಮೈಮಣ್ಣು ಅಂದರೆ ಕೊಳೆ ಅಂತ ಅಂದುಕೊಳ್ಳಬೇಡಿ. ಎಣ್ಣೆ ಹಚ್ಚಿ ಅರಿಶಿನ, ಕಡಲೆಹಿಟ್ಟು ತಿಕ್ಕಿದರೆ ಅದು ಎಳೆಎಳೆಯಾಗಿ ಸುತ್ತಿ ಉದುರುತ್ತದೆ, ಬೆರಳಲ್ಲಿ ಒತ್ತಿದರೆ ಉಂಡೆ ಆಗುತ್ತದೆ. ಹಾಗೆ ಸ್ನಾನ ಮಾಡಿದ ಹೆಂಗಸಿಗೆ ಅದು ಗೊತ್ತು. ಪೂಜೆಗೆ ಅರಿಶಿನ ಕಲಸಿ ಪುಟ್ಟ ಬೆನಕನನ್ನು ಮಾಡಿ ಗರಿಕೆ ಸಿಕ್ಕಿಸುತ್ತೇವಲ್ಲ, ಅದು ಅದೇ ಉಂಡೆ.

ಮಲ್ಲಿಗೆಹಂಬು

ಅಜ್ಜಿಮನೆ ಅಮ್ಮ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ತುಂಗಾತಟ

ನಾನೂ. ನಾನು ಹೇಳಿದ ಅರ್ಥ ಸುಳ್ಳು ಅಂತ ಈಗಲೂ ಒಪ್ಪುವುದಿಲ್ಲ, ಸಾಧನೆ ಮಾಡುವವರಿಗೆ ಅದು ಕೆಲಸಕ್ಕೆ ಬರುತ್ತದೆ. ಆದರೆ ಕತೆ ಹುಟ್ಟಿದ್ದು ಅಲ್ಲಿಂದ ಅಲ್ಲ ಅಂತ ಕಾಣುತ್ತದೆ.

ಹೊನ್ನಾವರದ ಮಾಣಿ

ನಮ್ಮ ಕಡೆಯದು ಒಂದು ಸೇರಿಸುತ್ತೇನೆ. ಇಡಗುಂಜಿ ಗಣಪತಿಗೆ ಎರಡೇ ಕೈ. ಒಂದರಲ್ಲಿ ತಾವರೆ, ಒಂದರಲ್ಲಿ ಮೋದಕ. ಇಲಿ ಇಲ್ಲ. ಕೂತಿಲ್ಲ, ನಿಂತಿದ್ದಾನೆ. ಗೋಕರ್ಣದ ಮಹಾಗಣಪತಿಯೂ ಹಾಗೆಯೇ, ಎರಡು ಕೈ, ನಿಂತ ಹುಡುಗ. ಅಲ್ಲಿ ತಲೆಯ ಮೇಲೆ ಒಂದು ತಗ್ಗು ಇದೆ, ರಾವಣ ಗುದ್ದಿದ ಗುರುತು ಅಂತ ಹೇಳುತ್ತಾರೆ.

ಆ ಕತೆ ಗೊತ್ತಲ್ಲ. ರಾವಣ ಆತ್ಮಲಿಂಗ ತರುತ್ತಿದ್ದ, ನೆಲಕ್ಕೆ ಇಡುವಂತಿಲ್ಲ. ಸಂಧ್ಯಾವಂದನೆ ಹೊತ್ತಾಯಿತು. ದನ ಕಾಯುವ ಹುಡುಗನ ಕೈಗೆ ಕೊಟ್ಟ. ಮೂರು ಸಲ ಕರೆಯುತ್ತೇನೆ, ಬರದಿದ್ದರೆ ಇಡುತ್ತೇನೆ ಅಂದ ಹುಡುಗ. ಕರೆದ, ಇಟ್ಟ. ರಾವಣ ಓಡಿ ಬಂದು ತಲೆಗೆ ಗುದ್ದಿದ.

ಈಗ ನೋಡಿ. ಕೈಲಾಸದಲ್ಲಿ ಒಂದು ಹುಡುಗ ಬಾಗಿಲು ಕಾಯುತ್ತಾನೆ, ದೊಡ್ಡವನೊಬ್ಬ ತಲೆ ಕಡಿಯುತ್ತಾನೆ. ಗೋಕರ್ಣದಲ್ಲಿ ಅದೇ ಹುಡುಗ ದನ ಕಾಯುತ್ತಾನೆ, ಇನ್ನೊಬ್ಬ ದೊಡ್ಡವನು ತಲೆಗೆ ಗುದ್ದುತ್ತಾನೆ. ಎರಡೂ ಕಡೆ ಏಟು ತಿಂದವನಿಗೆ ಪೂಜೆ. ಗೋಕರ್ಣದಲ್ಲಿ ಮೊದಲು ಗಣಪತಿ ದರ್ಶನ, ಆಮೇಲೆ ಮಹಾಬಲೇಶ್ವರ.

ತಾಳೆಗರಿ

ಮಾಣಿ, ಮೂರನೆಯದೂ ಇದೆ! ಏಕದಂತ ಹೇಗಾದ ಅನ್ನುವ ಕತೆ. ವ್ಯಾಸರಿಗೆ ಮಹಾಭಾರತ ಬರೆದುಕೊಡಲು ದಂತ ಮುರಿದುಕೊಂಡ ಅನ್ನುವುದು ಎಲ್ಲರಿಗೂ ಗೊತ್ತು. ಇನ್ನೊಂದು, ಪರಶುರಾಮನದು. ಶಿವ ಪಾರ್ವತಿ ಒಳಗೆ ಇರುವಾಗ ಪರಶುರಾಮ ಬರುತ್ತಾನೆ, ಬಾಗಿಲಲ್ಲಿ ಗಣಪತಿ ಬಿಡುವುದಿಲ್ಲ. ಪರಶುರಾಮ ಕೊಡಲಿ ಎಸೆದ. ಅದು ಶಿವನೇ ಕೊಟ್ಟ ಕೊಡಲಿ. ಅಪ್ಪನ ಆಯುಧ ಸೋಲಬಾರದು ಅಂತ ಗಣಪತಿ ತಪ್ಪಿಸಿಕೊಳ್ಳದೆ ದಂತ ಕೊಟ್ಟ. ಮತ್ತೆ ಬಾಗಿಲು, ಮತ್ತೆ ಏಟು. ಆದರೆ ಈ ಸಲ ಕಾಯುತ್ತಿರುವುದು ಅಪ್ಪನ ಬಾಗಿಲನ್ನೂ.

ತಮಾಷೆ ಅಂದರೆ ಶಿವಪುರಾಣದಲ್ಲಿ ತಂದ ಆನೆಗೇ ಒಂದು ದಂತ. ಉತ್ತರಕ್ಕೆ ಹೋಗಿ, ಮೊದಲು ಸಿಕ್ಕವರ ತಲೆ ತನ್ನಿ ಅಂದ ಶಿವ, ಸಿಕ್ಕಿದ್ದು ಒಂಟಿ ದಂತದ ಆನೆ. ಒಂದು ಕತೆಗೆ ಇನ್ನೊಂದು ಹೊಂದಬೇಕು ಅಂತ ಪುರಾಣಗಳಿಗೆ ಏನೂ ಹಟ ಇಲ್ಲ.

ಲೆಕ್ಕದ ಮೇಷ್ಟ್ರು

ನಾನು ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ. ಆದರೂ ಬಾಗಿಲು ಅಂದಿದ್ದಕ್ಕೆ ಒಂದು ಮಾತು.

ಹಳೆಯ ಪುಸ್ತಕಗಳಲ್ಲಿ ವಿನಾಯಕ ಒಳ್ಳೆಯವನಲ್ಲ. ಮಾನವ ಗೃಹ್ಯಸೂತ್ರದಲ್ಲಿ ನಾಲ್ವರು ವಿನಾಯಕರು ಬರುತ್ತಾರೆ. ಅವರು ಹಿಡಿದರೆ ರಾಜಕುಮಾರನಿಗೆ ರಾಜ್ಯ ಸಿಗುವುದಿಲ್ಲ, ಹುಡುಗಿಗೆ ಗಂಡ ಸಿಗುವುದಿಲ್ಲ, ರೈತನ ಬೆಳೆ ಕೈಗೆ ಹತ್ತುವುದಿಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ಬರುವಾಗ ನಾಲ್ವರೂ ಒಬ್ಬನೇ ಆಗಿ, ಅಂಬಿಕೆಯ ಮಗ ಆಗಿದ್ದಾನೆ. ಮೊದಲು ವಿಘ್ನ ಮಾಡುವವನು, ಆಮೇಲೆ ವಿಘ್ನ ಕಳೆಯುವವನು. ಈ ಬದಲಾವಣೆ ಹೇಗೆ ಅಂತ ನನಗೆ ಯಾವಾಗಲೂ ಗೋಜಲು. ನೀವೆಲ್ಲ ಬಾಗಿಲು ಬಾಗಿಲು ಅಂದಾಗ ಹೊಳೆಯಿತು. ಬಾಗಿಲು ಕಾಯುವವನ ಕೆಲಸವೇ ಎರಡು. ಒಬ್ಬರನ್ನು ತಡೆಯಬೇಕು, ಒಬ್ಬರನ್ನು ಬಿಡಬೇಕು. ತಹಸೀಲ್ದಾರ್ ಕಚೇರಿ ಬಾಗಿಲಲ್ಲಿ ಕೂತ ಜವಾನನಂತೆ. ಅವನಿಗೆ ಮೊದಲು ನಮಸ್ಕಾರ ಹೇಳದೆ ಒಳಗೆ ಹೋದವರು ಉಂಟಾ?

ಕೆಂಪುಗುಲಗಂಜಿ

ಮೇಷ್ಟ್ರೇ, ಕಡುಬು ಕೊಟ್ಟರೆ ಫೈಲು ಮುಂದೆ ಹೋಗುತ್ತದೆ ಅಂತಾನಾ 😄

ಲೆಕ್ಕದ ಮೇಷ್ಟ್ರು

ಇಪ್ಪತ್ತೊಂದು ಕೊಡಬೇಕು. ಒಂದು ಕಡಿಮೆಯಾದರೂ ಆಬ್ಜೆಕ್ಷನ್ ಹಾಕುತ್ತಾನೆ.

ಕಲ್ಲುಕುಟಿಗ

ಹಂಪಿಗೆ ಹೋದವರು ಸಾಸಿವೆಕಾಳು ಗಣಪನನ್ನು ನೋಡಿರುತ್ತೀರಿ. ಹೇಮಕೂಟದ ಇಳಿಜಾರಿನಲ್ಲಿ, ನಾಲ್ಕೂ ಕಡೆ ತೆರೆದ ಮಂಟಪ, ಎತ್ತರ ಸುಮಾರು ಎಂಟು ಅಡಿ, ಒಂದೇ ಬಂಡೆ. ಎಲ್ಲರೂ ಎದುರಿಗೆ ನಿಂತು ಫೋಟೊ ತೆಗೆದು, ಹೊಟ್ಟೆಗೆ ಕಟ್ಟಿದ ಹಾವು ನೋಡಿ, ತಿಂದು ಹೊಟ್ಟೆ ಒಡೆಯಬಾರದು ಅಂತ ಹಾವು ಬಿಗಿದ ಗೈಡ್ ಕತೆ ಕೇಳಿ, ಮುಂದೆ ಹೋಗುತ್ತಾರೆ.

ಹಿಂದೆ ಹೋಗಿ ನೋಡಿ. ಬೆನ್ನಿನ ಕಡೆ ಒಬ್ಬ ಹೆಂಗಸಿನ ಬೆನ್ನು ಕೆತ್ತಿದೆ. ಪಾರ್ವತಿ ಅನ್ನುತ್ತಾರೆ. ಅವಳ ಮಡಿಲಲ್ಲಿ ಗಣಪ ಕೂತಿದ್ದಾನೆ. ಮುಂದಿನಿಂದ ಬರೀ ಮಗ ಕಾಣುತ್ತಾನೆ, ಹಿಂದಿನಿಂದ ಬರೀ ಅಮ್ಮ. ನಾನು ಮೊದಲ ಸಲ ಅದನ್ನು ನೋಡಿದ್ದು ಬಿಸಿಲು ತಪ್ಪಿಸಿಕೊಳ್ಳಲು ಮಂಟಪದ ಹಿಂದುಗಡೆಗೆ ಹೋದಾಗ, ಅಲ್ಲಿಯವರೆಗೆ ಮೂರು ಸಲ ಹಂಪಿಗೆ ಹೋಗಿದ್ದರೂ ಗೊತ್ತಿರಲಿಲ್ಲ. ಅಲ್ಲಿನ ಶಾಸನದ ಪ್ರಕಾರ 1506ರಲ್ಲಿ ಮಂಟಪ ಕಟ್ಟಿಸಿದ್ದು ಚಂದ್ರಗಿರಿಯ ಒಬ್ಬ ವ್ಯಾಪಾರಿ. ಈ ಎಳೆಯಲ್ಲಿ ನೀವು ಹೇಳುತ್ತಿರುವುದನ್ನು ಆ ಶಿಲ್ಪಿ ಕಲ್ಲಿನಲ್ಲಿ ಹೇಳಿಬಿಟ್ಟಿದ್ದಾನೆ.

ಬಾದಾಮಿಯ ಮೊದಲ ಗುಹೆಯಲ್ಲೂ, 6ನೇ ಶತಮಾನದ್ದು, ಹದಿನೆಂಟು ಕೈಯ ಶಿವ ಕುಣಿಯುತ್ತಿದ್ದಾನೆ, ಪಕ್ಕದಲ್ಲಿ ಪುಟ್ಟ ಗಣಪ. ಕಿರೀಟ ಇಲ್ಲ, ಏನೂ ಇಲ್ಲ. ಅಪ್ಪ ಕುಣಿಯುವಾಗ ತಾನೂ ಕಾಲು ಎತ್ತಿದ ಮಗು. ತಲೆ ಕಡಿದ ಅಪ್ಪ ಅಂತ ಅಲ್ಲಿ ಅನ್ನಿಸುವುದೇ ಇಲ್ಲ.

ಗದಗಿನ ಗಾಳಿ

ನೀವು ದಕ್ಷಿಣದವರು ಗಣಪತಿ ಒಬ್ಬನನ್ನೇ ನೋಡುತ್ತೀರಿ, ಅದಕ್ಕೇ ಅರ್ಧ ಕತೆ ತಪ್ಪಿ ಹೋಗುತ್ತದೆ. ನಮ್ಮಲ್ಲಿ ಅವನ ಹಿಂದೆಯೇ ಜೋಕುಮಾರ ಬರುತ್ತಾನೆ. ಅವನೂ ಮಣ್ಣಿನವನೇ. ಬುಟ್ಟಿಯಲ್ಲಿ ಬೇವಿನ ಸೊಪ್ಪು, ನಡುವೆ ಜೋಕುಮಾರ, ತುಟಿಗೆ ಬೆಣ್ಣೆ. ಹೆಂಗಸರು ತಲೆ ಮೇಲೆ ಹೊತ್ತು ಮನೆಮನೆಗೆ ತರುತ್ತಾರೆ, ಹಾಡುತ್ತಾರೆ. ಏಳೇ ದಿನದ ಆಯುಷ್ಯ ಅವನಿಗೆ.

ನಮ್ಮ ಅವ್ವ ಹೇಳುವುದು ಹೀಗೆ: ಗಣಪ್ಪ ಬಂದು ಕಡುಬು ಹೋಳಿಗೆ ಉಂಡು ಹೋಗಿ, ಭೂಮಿ ಮೇಲೆ ಎಲ್ಲರೂ ಆರಾಮ ಇದ್ದಾರೆ ಅಂತ ಅವರ ಅಪ್ಪ ಅಮ್ಮನಿಗೆ ವರದಿ ಒಪ್ಪಿಸುತ್ತಾನೆ. ಜೋಕುಮಾರ ಹೊಲ, ಕೇರಿ ಎಲ್ಲ ಅಡ್ಡಾಡಿ, ಮಳೆ ಇಲ್ಲ, ಜನ ಒಣಗಿದ್ದಾರೆ ಅಂತ ಖರೇ ಸುದ್ದಿ ಮುಟ್ಟಿಸುತ್ತಾನೆ. ಆಮೇಲೆ ಮಳೆ.

ಈ ಕತೆಗೆ ಯಾವ ಪುರಾಣವೂ ಬೇಕಾಗಿಲ್ಲ. ಯಾರ ಮನೆಯಲ್ಲಿ ಹೋಳಿಗೆ ಮಾಡುವ ತಾಕತ್ತು ಇತ್ತು, ಯಾರ ಮನೆಯಲ್ಲಿ ಇರಲಿಲ್ಲ ಅನ್ನುವುದು ಇದರಲ್ಲಿ ನೆಟ್ಟಗೆ ಇದೆ. ಬಾಗಿಲಲ್ಲಿ ನಿಂತವನಿಗೆ ಒಳಗಿನವರ ಸುದ್ದಿ ಗೊತ್ತು, ಹೊರಗಿನವರದು ಗೊತ್ತಿಲ್ಲ, ಅಲ್ವಾ?

ತಾಳೆಗರಿ

ಗದಗಿನ ಗಾಳಿ, ನಾನು ಇಷ್ಟು ಪುಟ ತಿರುವಿ ಹೇಳಿದ್ದಕ್ಕಿಂತ ನಿಮ್ಮ ಅವ್ವನ ನಾಲ್ಕು ಸಾಲು ತೂಕ.

ಹೊನ್ನಾವರದ ಮಾಣಿ

ಚಂದ್ರನ ವಿಷಯ ಯಾರೂ ಎತ್ತಲಿಲ್ಲ. ಚೌತಿ ಚಂದ್ರ ನೋಡಿದರೆ ಅಪವಾದ ಬರುತ್ತದೆ ಅಂತ ನಾವು ಸಣ್ಣವರಿರುವಾಗ ತಲೆ ತಗ್ಗಿಸಿಕೊಂಡು ಅಂಗಳ ದಾಟುತ್ತಿದ್ದೆವು. ಅಕಸ್ಮಾತ್ ನೋಡಿದರೆ ಪಕ್ಕದ ಮನೆ ಹೆಂಚಿಗೆ ಕಲ್ಲು ಎಸೆದು ಬೈಸಿಕೊಂಡರೆ ದೋಷ ಕಳೆಯಿತು. ನಾವು ಮೊದಲು ಕಲ್ಲು ಎಸೆದು, ಆಮೇಲೆ ಚಂದ್ರ ನೋಡಿದ್ದೆವು ಅಂತ ಹೇಳುತ್ತಿದ್ದೆವು.

ಲೆಕ್ಕದ ಮೇಷ್ಟ್ರು

ಚೌತಿ ಚಂದ್ರ ಎಂಟೂವರೆ ಒಂಬತ್ತರ ಹೊತ್ತಿಗೆ ಮುಳುಗಿಯೇ ಬಿಡುತ್ತಾನೆ. ಅಷ್ಟು ಹೊತ್ತು ಮಕ್ಕಳನ್ನು ಒಳಗೆ ಕೂರಿಸಿದರೆ ಸಾಕು.

ತಾಳೆಗರಿ

ಅದಕ್ಕೆ ಹೇಳುವ ಶ್ಲೋಕ ಇದೆಯಲ್ಲ, "ಸಿಂಹಃ ಪ್ರಸೇನಮವಧೀತ್". ಎಷ್ಟು ಜನ ಗಮನಿಸಿದ್ದೀರೋ, ಅದು ಮಂತ್ರವೂ ಅಲ್ಲ ಸ್ತೋತ್ರವೂ ಅಲ್ಲ. ಗುಹೆಯಲ್ಲಿ ಜಾಂಬವಂತನ ಮಗುವನ್ನು ಆಡಿಸುವ ದಾದಿಯ ಮಾತು. ಸಿಂಹ ಪ್ರಸೇನನನ್ನು ಕೊಂದಿತು, ಸಿಂಹವನ್ನು ಜಾಂಬವಂತ ಕೊಂದ, ಅಳಬೇಡ ಕಂದ, ಈ ಸ್ಯಮಂತಕ ನಿನ್ನದೇ. ಮಣಿ ಕದ್ದ ಅನ್ನುವ ಆರೋಪ ಹೊತ್ತು ಕಾಡು ಅಲೆಯುತ್ತಿದ್ದ ಕೃಷ್ಣನಿಗೆ ನಿಜ ಏನು ಅಂತ ತಿಳಿದದ್ದು ಈ ಜೋಗುಳದಿಂದ. ಊರೆಲ್ಲ ಸುಳ್ಳು ಹೇಳುವಾಗ ಒಂದು ಜೋಗುಳದಲ್ಲಿ ಸಾಕ್ಷಿ ಇತ್ತು. ನನಗೆ ಇದು ತುಂಬಾ ಇಷ್ಟ. ಇದಕ್ಕೆ ಗೂಢಾರ್ಥ ಏನು ಅಂತ ಕೇಳಬೇಡಿ.

ಅಜ್ಜಿಮನೆ

ಎಲ್ಲರೂ ಗಣಪನ ಬಗ್ಗೆ ಹೇಳಿದಿರಿ, ಹಿಂದಿನ ದಿನ ಮರೆತಿರಿ. ನಮ್ಮಲ್ಲಿ ಹಬ್ಬ ಶುರುವಾಗುವುದು ತದಿಗೆಗೆ, ಗೌರಿಯಿಂದ. ಅವಳು ತವರಿಗೆ ಬರುತ್ತಾಳೆ. ಹದಿನಾರು ಗಂಟಿನ ದಾರ, ಮೊರದ ಬಾಗಿನ. ಮಾರನೆಯ ದಿನ ಮಗ ಬರುತ್ತಾನೆ, ಅಮ್ಮನನ್ನು ಕರೆದುಕೊಂಡು ಹೋಗಲು. ಮೇಲೆ ಯಾರೋ ಬರೆದಿದ್ದರಲ್ಲ, ಕೈಲಾಸದಲ್ಲಿ ನಮ್ಮವರು ಅಂತ ಒಬ್ಬರೂ ಇಲ್ಲ ಅಂತ. ಗಂಡನ ಮನೆಗೆ ವಾಪಸ್ ಹೋಗುವಾಗ ಪಕ್ಕದಲ್ಲಿ ಒಬ್ಬ ತನ್ನವನು ಇದ್ದಾನೆ ಅನ್ನುವುದು ಎಷ್ಟು ದೊಡ್ಡ ಸಮಾಧಾನ ಅಂತ ನಾನು ವಿವರಿಸಬೇಕಾಗಿಲ್ಲ. ನಮ್ಮ ಅಮ್ಮ ಗೌರಿಯನ್ನು ಬಿಡುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾವು ಹೊಗೆ ಅಂದುಕೊಳ್ಳುತ್ತಿದ್ದೆವು.

ಕೆಂಪುಗುಲಗಂಜಿ

ಆನೆ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ!

ತಾಳೆಗರಿ

ಬ್ರಹ್ಮವೈವರ್ತ ಪುರಾಣದಲ್ಲಿ ಕತೆಯೇ ಬೇರೆ. ಅಲ್ಲಿ ಶಿವ ಕಡಿಯುವುದಿಲ್ಲ, ಶನಿಯ ದೃಷ್ಟಿ ಬಿದ್ದು ತಲೆ ಹೋಗುತ್ತದೆ. ವಿಷ್ಣು ಪುಷ್ಪಭದ್ರಾ ನದಿ ತೀರದಲ್ಲಿ ಮಲಗಿದ್ದ ಆನೆಯ ತಲೆ ತರುತ್ತಾನೆ. ಹೆಣ್ಣಾನೆ ಮರಿಗಳ ಜೊತೆ ಗೋಳಾಡಿದ್ದನ್ನು ನೋಡಿ ಆ ಆನೆಗೂ ಮತ್ತೆ ಜೀವ ಕೊಡುತ್ತಾನೆ. ಯಾವ ಕಾಲದಲ್ಲೋ ನಿಮ್ಮ ಮಗಳಂಥ ಇನ್ನೊಂದು ಮಗು ಇದೇ ಪ್ರಶ್ನೆ ಕೇಳಿರಬೇಕು.

ಮಲ್ಲಿಗೆಹಂಬು

ನಿನ್ನೆ ರಾತ್ರಿ ಹೇಳಿದೆ. ನಂದಿಯಿಂದ ಶುರು ಮಾಡಿದೆ, ಆನೆಗೆ ಜೀವ ಬಂದದ್ದರವರೆಗೆ. ಅಪ್ಪಂದು ತಪ್ಪು ಹೌದು, ಆಮೇಲೆ ಅವನು ಅದನ್ನು ಸರಿ ಮಾಡಬೇಕಾಯಿತು ಅಂದೆ. "ಸಾರಿ ಕೇಳಿದನಾ?" ಅಂದಳು. ಅಷ್ಟು ನೇರವಾಗಿ ಎಲ್ಲೂ ಇಲ್ಲ ಅಂದೆ. ಸ್ವಲ್ಪ ಯೋಚಿಸಿ ಮಲಗಿದಳು.

ಇವತ್ತು ಸ್ಕೂಲಿನಿಂದ ಬಂದವಳೇ ಡ್ರಾಯಿಂಗ್ ಹಾಳೆಯಲ್ಲಿ ಗಣಪನನ್ನು ಬರೆದು, ಕೈಗೆ ಕೋಲು ಕೊಟ್ಟು, ಅವಳ ರೂಮಿನ ಬಾಗಿಲಿಗೆ ಅಂಟಿಸಿದ್ದಾಳೆ. ಕೆಳಗೆ "ಕೇಳಿ ಒಳಗೆ ಬನ್ನಿ". ನಮ್ಮವರು ಚಾರ್ಜರ್ ತರಲು ಹೋದವರು ಹೊರಗೇ ನಿಂತು ಬಾಗಿಲು ತಟ್ಟುತ್ತಿದ್ದಾರೆ.

ಲೆಕ್ಕದ ಮೇಷ್ಟ್ರು

ಬಿಟ್ಟಳಾ?

ಮಲ್ಲಿಗೆಹಂಬು

ಚಾಕಲೇಟ್ ಕೇಳುತ್ತಿದ್ದಾಳೆ.